ಕೊಬ್ಬು ಹೀರುವಾಗ ರಕ್ತ ಉಳಿಸುವ ಬಗೆ

ಲೈಪೊಸಕ್ಷನ್ ಮಾಡಿಸಿಕೊಳ್ಳಲು ಹೊರಟವರು ಮೊದಲು ಕೇಳುವುದು, ಎಷ್ಟು ಇಂಚು ಇಳಿಯುತ್ತದೆ ಅಂತ. ಆಮೇಲೆ ಖರ್ಚು ಕೇಳುತ್ತಾರೆ, ಎಷ್ಟು ದಿನ ರಜೆ ಹಾಕಬೇಕು ಎಂದು ಕೇಳುತ್ತಾರೆ. ರಕ್ತ ಎಷ್ಟು ಹೋಗುತ್ತದೆ ಎಂದು ಕೇಳುವವರು ಕಡಿಮೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ಈ ಚಿಕಿತ್ಸೆಯ ಬಗ್ಗೆ ರಾಜ್ಯದಲ್ಲೆಲ್ಲ ಮಾತಾಯಿತು, ಭಯವೂ ಹುಟ್ಟಿತು. ಆ ಸಾವಿಗೆ ರಕ್ತಸ್ರಾವ ಕಾರಣ ಎಂದು ನಾನು ಹೇಳುತ್ತಿಲ್ಲ. ಇದರಲ್ಲಿ ಅಪಾಯಗಳು ಹಲವು ಬಗೆಯವು. ಅವುಗಳಲ್ಲಿ ಒಂದನ್ನು, ರಕ್ತನಷ್ಟವನ್ನು, ವೈದ್ಯರು ಹೇಗೆ ಹಿಡಿತದಲ್ಲಿ ಇಡುತ್ತಾರೆ ಎಂಬುದಷ್ಟೇ ಈ ಲೇಖನದ ವಿಷಯ.

ಮೊದಲು, ಲೈಪೊಸಕ್ಷನ್ ಎಂದರೇನು ನೋಡೋಣ. ಚರ್ಮದ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಚಿಕ್ಕ ರಂಧ್ರ ಮಾಡುತ್ತಾರೆ. ಅದರೊಳಗೆ ಕ್ಯಾನುಲಾ ಎಂಬ ತೆಳುವಾದ ಉಕ್ಕಿನ ಕೊಳವೆ ತೂರಿಸುತ್ತಾರೆ. ಅದರ ಇನ್ನೊಂದು ತುದಿ ಹೀರುವ ಯಂತ್ರಕ್ಕೆ ಸೇರಿರುತ್ತದೆ. ವೈದ್ಯರು ಕೊಳವೆಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸುತ್ತಾ ಹೋದಂತೆ ಚರ್ಮಕ್ಕೂ ಸ್ನಾಯುವಿಗೂ ನಡುವೆ ಇರುವ ಕೊಬ್ಬು ಸಡಿಲಗೊಂಡು ಜಾಡಿಗೆ ಬಂದು ಬೀಳುತ್ತದೆ. ಹೊಟ್ಟೆ, ಸೊಂಟದ ಪಕ್ಕ, ತೊಡೆ, ತೋಳು, ಗಲ್ಲದ ಕೆಳಗೆ, ಗಂಡಸರಲ್ಲಿ ಎದೆ ಇವು ಸಾಮಾನ್ಯವಾಗಿ ಮಾಡಿಸಿಕೊಳ್ಳುವ ಜಾಗಗಳು. ತೂಕ ಇಳಿಸುವ ಚಿಕಿತ್ಸೆ ಇದಲ್ಲ. ವ್ಯಾಯಾಮಕ್ಕೂ ಪಥ್ಯಕ್ಕೂ ಜಗ್ಗದೆ ಒಂದೇ ಕಡೆ ಕೂತ ಕೊಬ್ಬನ್ನು ತೆಗೆದು ಆಕಾರ ತಿದ್ದುವ ಕೆಲಸ, ಅಷ್ಟೇ.

ಕೊಬ್ಬು ತೆಗೆದರೆ ರಕ್ತ ಯಾಕೆ ಬರಬೇಕು ಎಂದು ನೀವು ಕೇಳಬಹುದು. ಕೊಬ್ಬು ಜಡವಸ್ತುವಲ್ಲ. ಅದರ ಕೋಶಗಳ ನಡುವೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹರಡಿಕೊಂಡಿರುತ್ತವೆ. ಕೊಳವೆ ಆಡಿದಾಗ ಅವೂ ಹರಿಯುತ್ತವೆ. ತೆರೆದ ಶಸ್ತ್ರಚಿಕಿತ್ಸೆಯಲ್ಲಾದರೆ ರಕ್ತ ಬರುವ ನಾಳ ಕಣ್ಣಿಗೆ ಕಾಣುತ್ತದೆ, ಅದನ್ನು ಸುಟ್ಟೋ ಕಟ್ಟಿಯೋ ನಿಲ್ಲಿಸಬಹುದು. ಇಲ್ಲಿ ಎಲ್ಲವೂ ಚರ್ಮದ ಅಡಿಯಲ್ಲಿ, ಕಾಣದಂತೆ ನಡೆಯುತ್ತದೆ. ಹಾಗಾಗಿ ರಕ್ತ ಬಂದ ಮೇಲೆ ನಿಲ್ಲಿಸುತ್ತೇನೆ ಎಂದರೆ ಆಗುವುದಿಲ್ಲ. ಬಾರದಂತೆ ಮೊದಲೇ ನೋಡಿಕೊಳ್ಳಬೇಕು.

ಇದು ವೈದ್ಯರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. 1921ರಲ್ಲಿ ಪ್ಯಾರಿಸ್ಸಿನಲ್ಲಿ ಡುಜಾರಿಯೇ ಎಂಬ ಶಸ್ತ್ರವೈದ್ಯರು ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋದಾಗ ರಕ್ತನಾಳಕ್ಕೆ ಪೆಟ್ಟಾಯಿತು. ಕಾಲು ಕೊಳೆತು, ಕೊನೆಗೆ ಅದನ್ನು ಕತ್ತರಿಸಬೇಕಾಯಿತು. ಆಮೇಲೆ ಬಹುಕಾಲ ಈ ಕೆಲಸಕ್ಕೆ ಯಾರೂ ಹೆಚ್ಚಾಗಿ ಕೈ ಹಾಕಲಿಲ್ಲ. 1970ರ ದಶಕದಲ್ಲಿ ಇಟಲಿಯ ಫಿಶರ್ ತಂದೆ-ಮಗ ಕೊಳವೆಯಿಂದ ಹೀರುವ ವಿಧಾನ ತಂದರು. ಫ್ರಾನ್ಸಿನ ಇಲ್ಲೂಜ್ ಅದೇ ದಶಕದ ಕೊನೆಗೆ ಮೊಂಡು ತುದಿಯ ಕೊಳವೆ ಬಳಸಿದರು, ಹೀರುವ ಮುನ್ನ ಸ್ವಲ್ಪ ಸಲೈನ್ ಚುಚ್ಚುವ ಅಭ್ಯಾಸವನ್ನೂ ತಂದರು. ಮೊಂಡು ತುದಿ ನಾಳಗಳನ್ನು ಕತ್ತರಿಸುವುದಕ್ಕಿಂತ ಪಕ್ಕಕ್ಕೆ ಸರಿಸುತ್ತದೆ. ಇಷ್ಟಾದರೂ ರಕ್ತ ಹೋಗುತ್ತಲೇ ಇತ್ತು.

ಎಷ್ಟು ಹೋಗುತ್ತಿತ್ತು? ಏನನ್ನೂ ಚುಚ್ಚದೆ ಒಣಗಿದ್ದಂತೆಯೇ ಹೀರಿದರೆ ಜಾಡಿಗೆ ಬಂದದ್ದರಲ್ಲಿ ಶೇ. 20ರಿಂದ 45ರವರೆಗೆ ರಕ್ತವೇ ಇರುತ್ತಿತ್ತು. ಲೆಕ್ಕ ಹಾಕಿ ನೋಡಿ. 60 ಕಿಲೋ ತೂಕದ ಹೆಂಗಸಿನ ಮೈಯಲ್ಲಿ ಇರುವುದು ಸುಮಾರು ನಾಲ್ಕು ಲೀಟರ್ ರಕ್ತ. ಮೂರು ಲೀಟರ್ ಹೀರಿ, ಅದರಲ್ಲಿ ಶೇ. 30 ರಕ್ತ ಎಂದಿಟ್ಟುಕೊಂಡರೆ 900 ಮಿ.ಲೀ. ಹೋದಂತಾಯಿತು. ರಕ್ತದಾನ ಶಿಬಿರದಲ್ಲಿ ಒಬ್ಬರಿಂದ ಸಾಮಾನ್ಯವಾಗಿ ತೆಗೆಯುವುದು 350 ಮಿ.ಲೀ. ಎರಡೂವರೆ ಬಾರಿ ದಾನ ಮಾಡಿದಷ್ಟು ರಕ್ತ ಒಂದೇ ಬೆಳಗ್ಗೆ ಹೋದರೆ ಮೈ ತಡೆದೀತೇ? ಆ ಕಾಲದಲ್ಲಿ ದೊಡ್ಡ ಲೈಪೊಸಕ್ಷನ್ ಇದ್ದವರಿಂದ ಮುಂಚೆಯೇ ಅವರದೇ ರಕ್ತ ತೆಗೆದಿಟ್ಟುಕೊಂಡು, ಆಪರೇಷನ್ ಆದ ಮೇಲೆ ಅವರಿಗೇ ಏರಿಸುತ್ತಿದ್ದರು.

ದಾರಿ ತೋರಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್. ಅವರು 1987ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಟ್ಯೂಮೆಸೆಂಟ್ ಎಂದು ಹೆಸರು. ಅಂದರೆ ಕೊಬ್ಬಿನ ಪದರವನ್ನು ದ್ರವ ತುಂಬಿ ಉಬ್ಬಿಸುವುದು. ಒಂದು ಲೀಟರ್ ಸಲೈನಿಗೆ ಮೂರು ವಸ್ತು ಬೆರೆಸುತ್ತಾರೆ. ಒಂದು, ಲಿಗ್ನೋಕೇನ್. ಹಲ್ಲು ಕೀಳುವಾಗ ದವಡೆ ಜೋಮು ಹಿಡಿಸಲು ಚುಚ್ಚುತ್ತಾರಲ್ಲ, ಅದೇ ಮದ್ದು. ಇನ್ನೊಂದು, ಅಡ್ರಿನಲಿನ್, ಲೀಟರಿಗೆ ಒಂದು ಮಿಲಿಗ್ರಾಂ. ಮೂರನೆಯದು ಸೋಡಿಯಂ ಬೈಕಾರ್ಬನೇಟ್, ಚುಚ್ಚುವಾಗ ಉರಿ ಕಡಿಮೆ ಮಾಡಲು. ಈ ನೀರನ್ನು ಕೊಬ್ಬು ತೆಗೆಯಬೇಕಾದ ಜಾಗಕ್ಕೆಲ್ಲ ಸೂಜಿಯಂಥ ಕೊಳವೆಯಿಂದ ನಿಧಾನವಾಗಿ ತುಂಬುತ್ತಾರೆ. ಚರ್ಮ ಬಿಗಿದು, ಮುಟ್ಟಿದರೆ ಗಟ್ಟಿ ಎನಿಸುವವರೆಗೆ.

ರಕ್ತ ಉಳಿಸುವ ಮುಖ್ಯ ಕೆಲಸ ಅಡ್ರಿನಲಿನ್‌ನದು. ನಾವು ಹೆದರಿದಾಗ ಮುಖ ಬಿಳಿಚಿಕೊಳ್ಳುತ್ತದಲ್ಲ, ಅದು ನಮ್ಮದೇ ಮೈ ಸುರಿಸುವ ಅಡ್ರಿನಲಿನ್ ಚರ್ಮದ ನಾಳಗಳನ್ನು ಬಿಗಿಯುವುದರಿಂದ. ಇಲ್ಲೂ ಅದೇ ಆಗುತ್ತದೆ. ಸಣ್ಣ ನಾಳಗಳು ಕುಗ್ಗುತ್ತವೆ, ಆ ಜಾಗದ ಚರ್ಮ ಬಿಳಿಚುತ್ತದೆ. ತುಂಬಿದ ನೀರಿನ ಒತ್ತಡವೂ ನಾಳಗಳನ್ನು ಅದುಮಿ ಹಿಡಿಯುತ್ತದೆ. ಜೊತೆಗೆ ಕೊಬ್ಬು ಸಡಿಲವಾಗುತ್ತದೆ. ಶೇಂಗಾ ಬೆಳೆದವರಿಗೆ ಇದು ಗೊತ್ತು: ಒಣಗಿ ಬಿಗಿದ ನೆಲದಲ್ಲಿ ಗಿಡ ಕಿತ್ತರೆ ಕಾಯಿ ಹರಿದು ಒಳಗೇ ಉಳಿಯುತ್ತದೆ, ನೆಲ ನೆನೆದಿದ್ದರೆ ಇಡೀ ಗೊಂಚಲು ಸಲೀಸಾಗಿ ಬರುತ್ತದೆ. ಹೀಗೆ ನೆನೆಸಿ ತೆಗೆದಾಗ ಜಾಡಿಯಲ್ಲಿನ ರಕ್ತದ ಪಾಲು ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಮೇಲಿನ ಲೆಕ್ಕದ 900 ಮಿ.ಲೀ. ಈಗ ಸುಮಾರು 30 ಮಿ.ಲೀ.

ಎಷ್ಟು ನೀರು ತುಂಬಬೇಕು ಎಂಬುದರಲ್ಲಿ ವೈದ್ಯರಲ್ಲಿ ಎರಡು ಪಂಗಡ. ತೆಗೆಯುವ ಪ್ರತಿ ಲೀಟರಿಗೆ ಒಂದು ಲೀಟರ್ ತುಂಬುವುದು ಸೂಪರ್‌ವೆಟ್. ಎರಡು-ಮೂರು ಲೀಟರ್ ತುಂಬುವುದು ಟ್ಯೂಮೆಸೆಂಟ್. ರಕ್ತದ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗಾದರೆ ಇನ್ನಷ್ಟು ತುಂಬಿದರೆ ಇನ್ನೂ ಒಳ್ಳೆಯದಲ್ಲವೇ? ಇಲ್ಲ. ತುಂಬಿದ್ದೆಲ್ಲ ವಾಪಸ್ ಹೊರಗೆ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದು ಗಂಟೆಗಟ್ಟಲೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಇದನ್ನು ಮರೆತು ಮೇಲಿಂದ ಡ್ರಿಪ್ಪನ್ನೂ ಧಾರಾಳವಾಗಿ ಬಿಟ್ಟರೆ ಮೈಯಲ್ಲಿ ನೀರು ಮಿತಿಮೀರಿ ಶ್ವಾಸಕೋಶ ತುಂಬಿಕೊಳ್ಳಬಹುದು. ರಕ್ತ ಉಳಿಸಲು ಹೋಗಿ ಉಸಿರಿಗೆ ಸಂಚಕಾರ. ಅದಕ್ಕೇ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಬರೆದಿಡುವ ಒಬ್ಬ ಅರಿವಳಿಕೆ ತಜ್ಞರು ಪಕ್ಕದಲ್ಲಿ ಇರಬೇಕು. ಮೂತ್ರ ಎಷ್ಟು ಬರುತ್ತಿದೆ ಎಂಬುದನ್ನೂ ಅವರು ಗಮನಿಸುತ್ತಾರೆ.

ಲಿಗ್ನೋಕೇನ್‌ಗೂ ಮಿತಿ ಇದೆ. ಈ ವಿಧಾನದಲ್ಲಿ ಕಿಲೋ ತೂಕಕ್ಕೆ 35 ಮಿಲಿಗ್ರಾಂ ಎಂದು ಕ್ಲೈನ್ 1990ರಲ್ಲಿ ಹೇಳಿದರು. 55ರವರೆಗೆ ಹೋಗಬಹುದೆಂದು ನಂತರ ಬೇರೆಯವರು ಬರೆದರು. ಅಡ್ರಿನಲಿನ್ ನಾಳಗಳನ್ನು ಬಿಗಿದಿರುವುದರಿಂದ ಮದ್ದು ತಡವಾಗಿ ರಕ್ತಕ್ಕೆ ಇಳಿಯುತ್ತದೆ. ಅದು ಅತಿ ಹೆಚ್ಚು ಏರುವುದು ಹತ್ತು-ಹನ್ನೆರಡು ಗಂಟೆಯ ನಂತರ. ಬೆಳಗ್ಗೆ ಆಪರೇಷನ್ ಆಗಿ ಸಂಜೆ ಮನೆಗೆ ಬಂದವರಿಗೆ ರಾತ್ರಿ ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಯ್ ಎನ್ನುವ ಶಬ್ದ, ನಾಲಿಗೆಯಲ್ಲಿ ಲೋಹದ ರುಚಿ ಕಾಣಿಸಿದರೆ ಮಲಗಿ ಸರಿಹೋಗಲಿ ಎಂದು ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೊದಲ ರಾತ್ರಿ ಒಂಟಿಯಾಗಿರಬೇಡಿ ಎಂದು ಹೇಳುವುದು ಇದಕ್ಕೇ.

ಈಗ ಜಾಹೀರಾತಿನಲ್ಲಿ ಬಾರದ ಒಂದು ಮಾತು. ನೀರು ತುಂಬಿದ ತಕ್ಷಣ ಹೀರಲು ಶುರು ಮಾಡುವಂತಿಲ್ಲ. ಅಡ್ರಿನಲಿನ್ ಪೂರ್ತಿ ಹಿಡಿಯಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಆ ಹೊತ್ತು ಥಿಯೇಟರಿನಲ್ಲಿ ಎಲ್ಲರೂ ಸುಮ್ಮನೆ ಕಾಯಬೇಕು. ರಕ್ತ ಉಳಿಸುವ ಉಪಾಯಗಳಲ್ಲಿ ಅತ್ಯಂತ ಅಗ್ಗದ್ದು ಇದು. ಒಂದೇ ದಿನಕ್ಕೆ ನಾಲ್ಕಾರು ಆಪರೇಷನ್ ಹಾಕಿಕೊಂಡ ಕಡೆ ಮೊದಲು ಕತ್ತರಿ ಬೀಳುವುದೂ ಇದಕ್ಕೇ ಎಂದು ನನ್ನ ಅನುಮಾನ. ಲೇಸರ್, ಅಲ್ಟ್ರಾಸೌಂಡ್ ಬಳಸುವ ವೇಸರ್, ತಾನೇ ಕಂಪಿಸುವ ಕೊಳವೆ ಹೀಗೆ ಹೊಸ ಹೊಸ ಯಂತ್ರಗಳ ಹೆಸರು ಕೇಳುತ್ತೀರಿ. ಅವುಗಳಿಂದ ಸ್ವಲ್ಪ ಅನುಕೂಲ ಇದೆ. ಹಿಂದೆ ಲೈಪೊಸಕ್ಷನ್ ಆಗಿ ಒಳಗೆ ಗಾಯ ಮಾಗಿ ಗಟ್ಟಿಯಾದ ಜಾಗಗಳಲ್ಲಿ, ಬೆನ್ನಿನಲ್ಲಿ, ಗಂಡಸರ ಎದೆಯಲ್ಲಿ ಅವು ಉಪಯೋಗಕ್ಕೆ ಬರುತ್ತವೆ. ಈ ಜಾಗಗಳಲ್ಲಿ ರಕ್ತವೂ ತುಸು ಹೆಚ್ಚೇ. ಆದರೆ ಅವೆಲ್ಲಕ್ಕೂ ಮೊದಲು ಇದೇ ನೀರು ತುಂಬಬೇಕು, ಹೀಗೇ ಕಾಯಬೇಕು. ‘ನಮ್ಮಲ್ಲಿ ಹೊಸ ಮಷಿನ್ ಇದೆ, ರಕ್ತವೇ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ, ಎಷ್ಟು ಹೊತ್ತು ಕಾಯುತ್ತೀರಿ ಸಾರ್ ಎಂದು ಮರುಪ್ರಶ್ನೆ ಹಾಕಿ.

ಕೊಳವೆಯ ದಪ್ಪವೂ ಮುಖ್ಯ. ಆರಂಭದ ದಿನಗಳಲ್ಲಿ ಹತ್ತು ಮಿಲಿಮೀಟರಿನವು ಇದ್ದವು. ಈಗ ಮೂರು-ನಾಲ್ಕು ಮಿಲಿಮೀಟರಿನವು, ನಾಜೂಕಿನ ಜಾಗಕ್ಕೆ ಇನ್ನೂ ಸಣ್ಣವು. ಸಣ್ಣ ಕೊಳವೆಯಲ್ಲಿ ಕೆಲಸ ನಿಧಾನ, ಗಾಯ ಕಡಿಮೆ. ರೋಗಿಯ ಮೈ ಬೆಚ್ಚಗಿರಬೇಕು ಎಂಬುದೂ ಒಂದು. ಏಸಿ ಹಾಕಿದ ಕೋಣೆಯಲ್ಲಿ ಬರಿಮೈಯಲ್ಲಿ ಮಲಗಿಸಿ ಲೀಟರುಗಟ್ಟಲೆ ತಣ್ಣೀರು ತುಂಬಿದರೆ ಮೈಶಾಖ ಇಳಿಯುತ್ತದೆ. ಶಾಖ ಇಳಿದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ದ್ರವವನ್ನು ಬೆಚ್ಚಗೆ ಮಾಡಿ ತುಂಬುತ್ತಾರೆ, ಬಿಸಿಗಾಳಿಯ ಹೊದಿಕೆ ಹೊದಿಸುತ್ತಾರೆ.

ಇತ್ತೀಚೆಗೆ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧವೂ ಸೇರಿಕೊಂಡಿದೆ. ಮುಟ್ಟಿನಲ್ಲಿ ವಿಪರೀತ ಸ್ರಾವ ಆಗುವವರಿಗೆ ಇದರ ಮಾತ್ರೆ ಪರಿಚಿತ. 1960ರ ದಶಕದ ಆರಂಭದಲ್ಲಿ ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಮೊಟೊ ಮತ್ತು ಅವರ ಪತಿ ಶೊಸುಕೆ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಮದ್ದು ಹುಡುಕುವುದು ಉಟಾಕೊ ಅವರ ಆಸೆಯಾಗಿತ್ತು. ನಾಳ ಹರಿದಾಗ ಮೈ ತಾನೇ ಹೆಪ್ಪು ಕಟ್ಟುತ್ತದೆ. ಆಮೇಲೆ ತಾನೇ ಅದನ್ನು ಕರಗಿಸಲೂ ತೊಡಗುತ್ತದೆ. ಈ ಮದ್ದು ಕರಗಿಸುವ ಕೆಲಸವನ್ನು ತಡೆಹಿಡಿದು, ಕಟ್ಟಿದ ಹೆಪ್ಪು ನಿಲ್ಲುವಂತೆ ಮಾಡುತ್ತದೆ. ಲೈಪೊಸಕ್ಷನ್‌ನಲ್ಲಿ ರಕ್ತನಾಳಕ್ಕೆ ಕೊಡುವವರಿದ್ದಾರೆ, ತುಂಬುವ ನೀರಿಗೇ ಬೆರೆಸುವವರೂ ಇದ್ದಾರೆ. ರಕ್ತನಷ್ಟ ಮತ್ತು ಆಮೇಲಿನ ನೀಲಿಗಟ್ಟುವಿಕೆ ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಫಿಟ್ಸ್ ಬರುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದನ್ನು ಯೋಚಿಸಿಯೇ ಕೊಡಬೇಕು. ಮನೆಯಲ್ಲಿ ಮಾತ್ರೆ ಇದೆಯೆಂದು ನೀವೇ ನುಂಗಿ ಹೋಗಬೇಡಿ.

ಇಷ್ಟೆಲ್ಲ ಮಾಡಿದರೂ ನಿಲ್ಲಿಸುವ ಜಾಗ ಗೊತ್ತಿರಬೇಕು. ಜಾಡಿಗೆ ಬೀಳುವುದು ಮೊದಲು ಹಳದಿ. ಒಂದು ಜಾಗದಲ್ಲಿ ಕೆಲಸ ಮುಗಿಯುತ್ತ ಬಂದಂತೆ ಅದು ಕೆಂಪಿಗೆ ತಿರುಗುತ್ತದೆ. ಆಗ ಅನುಭವಿ ವೈದ್ಯರು ಆ ಜಾಗ ಬಿಟ್ಟು ಮುಂದೆ ಹೋಗುತ್ತಾರೆ. ಒಟ್ಟು ಪ್ರಮಾಣಕ್ಕೂ ಗೆರೆ ಇದೆ. ಕೊಬ್ಬೂ ನೀರೂ ಸೇರಿ ಐದು ಲೀಟರ್ ದಾಟಿದರೆ ಅದು ದೊಡ್ಡ ಪ್ರಮಾಣದ ಲೈಪೊಸಕ್ಷನ್. ಅದನ್ನು ಸಕಲ ಸೌಲಭ್ಯದ ಆಸ್ಪತ್ರೆಯಲ್ಲೇ ಮಾಡಿ, ರಾತ್ರಿ ಅಲ್ಲೇ ಉಳಿಸಿಕೊಳ್ಳಬೇಕು. ‘ಒಮ್ಮೆ ಮಲಗಿದ್ದೇನಲ್ಲ, ಹೊಟ್ಟೆ, ಬೆನ್ನು, ತೊಡೆ ಎಲ್ಲ ಒಟ್ಟಿಗೆ ಮುಗಿಸಿಬಿಡಿ’ ಎಂದು ವೈದ್ಯರ ಮೇಲೆ ಒತ್ತಡ ಹಾಕುವವರು ನಮ್ಮಲ್ಲಿ ಬಹಳ. ಹಾಗೆ ಕೇಳಬೇಡಿ. ಎರಡು ಕಂತಿನಲ್ಲಿ ಮಾಡೋಣ ಎನ್ನುವ ವೈದ್ಯರು ಸಿಕ್ಕರೆ ಅದು ನಿಮ್ಮ ಅದೃಷ್ಟ. ಜೋತ ಹೊಟ್ಟೆಯ ಚರ್ಮ ಕತ್ತರಿಸಿ ಬಿಗಿಯುವ ಟಮ್ಮಿ ಟಕ್ ಕೂಡ ಜೊತೆಗೇ ಸೇರಿದರೆ ರಕ್ತನಷ್ಟದ ಲೆಕ್ಕವೇ ಬೇರೆ ಆಗುತ್ತದೆ.

ನಿಮ್ಮ ಕಡೆಯಿಂದ ಆಗಬೇಕಾದದ್ದು ಆಪರೇಷನ್‌ಗೆ ಮೂರು-ನಾಲ್ಕು ವಾರ ಮೊದಲೇ ಶುರುವಾಗುತ್ತದೆ. ಮೊದಲು ಹಿಮೋಗ್ಲೋಬಿನ್ ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಮೈಕಟ್ಟು ತುಂಬಿಕೊಂಡಿದೆ ಎಂದ ಮಾತ್ರಕ್ಕೆ ರಕ್ತ ಚೆನ್ನಾಗಿದೆ ಎಂದರ್ಥವಲ್ಲ. ದಪ್ಪಗಿದ್ದೂ ರಕ್ತಹೀನತೆ ಇರುವವರು ಬೇಕಾದಷ್ಟು. ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ತೆಗೆದುಕೊಂಡು, ಏರಿದ ಮೇಲೆ ದಿನ ಗೊತ್ತು ಮಾಡಿಸಿ. ಮುಹೂರ್ತ ತಪ್ಪುವ ಕೆಲಸವೇನಲ್ಲ ಇದು. ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳು, ರಕ್ತದ ಗುಂಪು ಇವನ್ನೂ ನೋಡುತ್ತಾರೆ. ಹಲ್ಲು ಕಿತ್ತಾಗ ರಕ್ತ ನಿಲ್ಲದೆ ಪೇಚಾಡಿದ್ದಿದ್ದರೆ, ಸುಮ್ಮಸುಮ್ಮನೆ ಮೈ ನೀಲಿಗಟ್ಟುತ್ತಿದ್ದರೆ, ಅದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಇನ್ನು ಮಾತ್ರೆಗಳ ವಿಷಯ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ವಿಟಮಿನ್ ಇ, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕೊ ಇವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಲ್ಲವು. ಸಾಮಾನ್ಯವಾಗಿ ಒಂದೆರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅಡುಗೆಗೆ ಹಾಕುವ ಬೆಳ್ಳುಳ್ಳಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಷಾಯ, ಲೇಹ್ಯ, ಅಂಗಡಿಯ ‘ಸ್ಲಿಮ್ಮಿಂಗ್’ ಪುಡಿ ಏನೇ ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬೇಡಿ, ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಒಂದು ಎಚ್ಚರಿಕೆ: ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ತಮ್ಮಷ್ಟಕ್ಕೆ ನಿಲ್ಲಿಸಬಾರದು. ನಿಲ್ಲಿಸಬಹುದೋ ಇಲ್ಲವೋ ಎಂದು ಹೃದ್ರೋಗ ತಜ್ಞರು ಹೇಳಬೇಕು. ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಥೈರಾಯ್ಡ್ ಹೆಚ್ಚಿರುವವರು ಅದನ್ನೂ ಮೊದಲೇ ತಿಳಿಸಬೇಕು. ಅಂಥವರಿಗೆ ಅಡ್ರಿನಲಿನ್‌ನಿಂದ ತೊಂದರೆ ಆಗಬಹುದು.

ಆಪರೇಷನ್ ಆದ ಮೇಲೆ ಬಿಗಿಯಾದ ಒತ್ತುಡುಪು ಹಾಕುತ್ತಾರೆ. ನಾಲ್ಕರಿಂದ ಆರು ವಾರ ತೊಡಬೇಕಾಗುತ್ತದೆ. ನಮ್ಮ ಸೆಕೆಯಲ್ಲಿ ಹಿಂಸೆಯೇ, ಆದರೂ ತೊಡಬೇಕು. ಒಳಗೆ ಸಣ್ಣದಾಗಿ ಜಿನುಗುವ ರಕ್ತವನ್ನು ಅದುಮಿ ಹಿಡಿಯುವುದು ಅದೇ. ಮೊದಲ ಒಂದೆರಡು ದಿನ ರಂಧ್ರಗಳಿಂದ ತಿಳಿಗೆಂಪು ನೀರು ಸೋರಿ ಹಾಸಿಗೆ ಒದ್ದೆಯಾಗುತ್ತದೆ. ಮನೆಯವರು ನೋಡಿ ಗಾಬರಿಯಾಗುತ್ತಾರೆ. ಹೆಚ್ಚಿನಂಶ ಅದು ತುಂಬಿದ ನೀರೇ. ಹಾಸಿಗೆಗೆ ಪ್ಲಾಸ್ಟಿಕ್ ಹಾಸಿ, ಹಳೇ ಬೆಡ್‌ಶೀಟ್ ಹೊದಿಸಿದರೆ ಸಾಕು. ಗಟ್ಟಿ ಕೆಂಪು ರಕ್ತ ನಿಲ್ಲದೆ ಬರುತ್ತಿದ್ದರೆ, ಒಂದು ಕಡೆ ಮಾತ್ರ ಗಟ್ಟಿಯಾಗಿ ಉಬ್ಬಿ ನೋಯುತ್ತಿದ್ದರೆ, ಎದ್ದು ನಿಂತರೆ ತಲೆಸುತ್ತಿ ಬೀಳುವಂತಾದರೆ, ಎದೆ ಡವಡವ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಹೊಟ್ಟೆಯೊಳಗೆ ತಡೆಯಲಾರದ ನೋವು ಬಂದರೆ ಫೋನಿನಲ್ಲಿ ವಿಚಾರಿಸುತ್ತ ಕೂರಬೇಡಿ, ಹೊರಡಿ. ಮೊದಲ ಬಾರಿ ಒತ್ತುಡುಪು ಬಿಚ್ಚಿದಾಗ ಕೆಲವರಿಗೆ ತಲೆ ಸುತ್ತುತ್ತದೆ. ಆದ್ದರಿಂದ ಅದನ್ನು ಕುಳಿತುಕೊಂಡೇ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡೇ ಬಿಚ್ಚಿ.

ಜಾಡಿಯಲ್ಲಿ ಕಂಡಷ್ಟೇ ರಕ್ತ ಹೋಗಿದೆ ಎಂದೂ ಅಂದುಕೊಳ್ಳಬೇಡಿ. ಚರ್ಮದಡಿಯಲ್ಲಿ ಸೇರಿಕೊಂಡು ನೀಲಿಗಟ್ಟುವುದೂ ನಿಮ್ಮದೇ ರಕ್ತ. ಜೊತೆಗೆ ಒಳಗೆ ಉಳಿದ ನೀರು ರಕ್ತಕ್ಕೆ ಸೇರಿ ಅದು ತೆಳುವಾಗುತ್ತದೆ. ಹೀಗಾಗಿ ಮುಂದಿನ ಕೆಲವು ದಿನ ಹಿಮೋಗ್ಲೋಬಿನ್ ಇನ್ನಷ್ಟು ಇಳಿಯುವುದುಂಟು. ದೊಡ್ಡ ಪ್ರಮಾಣದಲ್ಲಿ ತೆಗೆಸಿಕೊಂಡವರು ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಖರ್ಚು? ಬೆಂಗಳೂರಿನಂಥ ಊರಿನಲ್ಲಿ ಒಂದು ಭಾಗಕ್ಕೆ ಸುಮಾರು 50,000ದಿಂದ ಒಂದೂವರೆ ಲಕ್ಷ ರೂಪಾಯಿವರೆಗೆ ಹೇಳುತ್ತಾರೆ. ಭಾಗಗಳು ಹೆಚ್ಚಾದಂತೆ ಮೊತ್ತವೂ ಏರುತ್ತದೆ. ಸೌಂದರ್ಯಕ್ಕಾಗಿ ಮಾಡಿಸುವುದನ್ನು ಆರೋಗ್ಯ ವಿಮೆ ಭರಿಸುವುದಿಲ್ಲ. ಬೇರೆ ಚಿಕಿತ್ಸೆಗಳಿಗಿರುವ ಜಿ.ಎಸ್.ಟಿ. ವಿನಾಯಿತಿಯೂ ಇದಕ್ಕಿಲ್ಲ. ರಕ್ತ ಉಳಿಸುವ ಮದ್ದುಗಳ ಬೆಲೆ ಇಡೀ ಬಿಲ್ಲಿನಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕದು. ದುಡ್ಡು ಬೀಳುವುದು ಅರಿವಳಿಕೆ ತಜ್ಞರಿಗೆ, ಥಿಯೇಟರಿನ ಹೊತ್ತಿಗೆ, ರಾತ್ರಿಯ ಹಾಸಿಗೆಗೆ. ಅರ್ಧ ಬೆಲೆಯ ಆಫರ್ ಕಂಡರೆ ಈ ಮೂರರಲ್ಲಿ ಯಾವುದನ್ನು ಬಿಟ್ಟಿದ್ದಾರೆ ಎಂದು ನೋಡಿ. ಪರೀಕ್ಷೆಗಳು, ಒತ್ತುಡುಪು, ಒಂದು ರಾತ್ರಿಯ ವಾಸ ಸೇರಿದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಎಲ್ಲಿ ಮಾಡಿಸಬೇಕು ಎಂಬುದಕ್ಕೆ ನಾನು ಹೆಸರು ಹೇಳುವುದಿಲ್ಲ, ಹುಡುಕುವ ದಾರಿ ಹೇಳುತ್ತೇನೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಓದಿದವರನ್ನು ಹುಡುಕಿ. ಬೋರ್ಡಿನ ಮೇಲೆ ‘ಕಾಸ್ಮೆಟಿಕ್’ ಎಂದಿದ್ದ ಮಾತ್ರಕ್ಕೆ ಆ ಪದವಿ ಇರಬೇಕೆಂದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ರಾಜ್ಯದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆಲ್ಲ ಕೆ.ಪಿ.ಎಂ.ಇ. ಕಾಯ್ದೆಯಡಿ ನೋಂದಣಿ ಕಡ್ಡಾಯ. ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣಬೇಕು. ಐ.ಸಿ.ಯು. ಇದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ತುರ್ತಿಗೆ ರಕ್ತ ಎಲ್ಲಿಂದ ತರುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಪ್ಲಾಸ್ಟಿಕ್ ಸರ್ಜರಿ ವಿಭಾಗ ಇರುವ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇವೆಲ್ಲ ಒಂದೇ ಆವರಣದಲ್ಲಿ ಸಿಗುತ್ತವೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದಕ್ಕಾದರೂ ಅಲ್ಲಿಗೆ ಹೋಗಬಹುದು.

ಬೇರೆ ಊರಿನಿಂದ ಬಂದು ಮಾಡಿಸಿಕೊಳ್ಳುವವರಾದರೆ ನೆಂಟರ ಮನೆಯೋ ಲಾಡ್ಜೋ, ಆಸ್ಪತ್ರೆಗೆ ಹತ್ತಿರ ಕೆಲವು ದಿನ ಉಳಿಯುವ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಅದೇ ದಿನ ರಾತ್ರಿ ಬಸ್ಸು ಹತ್ತಬೇಡಿ. ರಕ್ತ ಜಿನುಗುವುದು, ಲಿಗ್ನೋಕೇನ್ ಏರುವುದು ಎಲ್ಲವೂ ಆ ಹೊತ್ತಿನಲ್ಲೇ. ಎಂಟು-ಹತ್ತು ಗಂಟೆ ಕಾಲು ಇಳಿಬಿಟ್ಟು ಕೂತರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಊರಿಗೆ ಯಾವಾಗ ಹೊರಡಬಹುದು ಎಂಬುದನ್ನು ಡ್ರೆಸ್ಸಿಂಗ್ ಬಿಚ್ಚಿ ನೋಡಿದ ಮೇಲೆ ವೈದ್ಯರೇ ಹೇಳಲಿ. ಟಿಕೆಟ್ ಆಮೇಲೆ ಮಾಡಿಸಿ.